ಹಳ್ಳದ ಗೇಟು ಮುಚ್ಚಿದವರು

ಹಾರ್ಕರ್ ಕಣಿವೆಗೆ ನಡೆದಾಡಲು ಬರುವವರಿಗೆ ಮೇವಿಸ್ ಥ್ವೇಟ್ ಇಪ್ಪತ್ತೊಂಬತ್ತು ವರ್ಷಗಳಿಂದ ತನ್ನ ಮಹಡಿಯ ಎರಡು ಕೋಣೆಗಳಲ್ಲಿ ಇಳಿದುಕೊಳ್ಳಲು ಜಾಗ ಕೊಡುತ್ತ ಬಂದಿದ್ದಳು. ಬಂದವರ ಬೂಟು ಬಾಗಿಲಾಚೆ ಉಳಿಯಬೇಕು; ಒದ್ದೆ ಕಾಲುಚೀಲ ಒಲೆಯ ಮೇಲಿನ ಹಗ್ಗಕ್ಕೆ ಹೋಗಬೇಕು. ಬೆಳಿಗ್ಗೆ ತಟ್ಟೆಗೆ ಮೊಟ್ಟೆ ಬೀಳುವಾಗಲೇ ಅವಳ ಪಾಠ ಶುರುವಾಗುತ್ತಿತ್ತು. ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದು ಮುಚ್ಚಿಯೇ ಇರಲಿ. ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದ ಅವಳಿಗೆ ಇದನ್ನು ಹೇಳದೆ ಚಹಾ ಬಗ್ಗಿಸಲು ಕೈ ಬರುತ್ತಿರಲಿಲ್ಲ.

ಅವಳ ಮನೆಗೆ ಬರುವ ಕಾಲುದಾರಿ ನೆರೆಯ ಆಂಬ್ರೋಸ್ ಕ್ಲೆಗ್‌ನ ಹುಲ್ಲುಗಾವಲನ್ನೂ ಅವನ ಕುರಿಗಳು ನೀರಿಗೆ ಇಳಿಯುವ ಹಳ್ಳದ ಗೇಟನ್ನೂ ಹಾದು ಬರುತ್ತಿತ್ತು. ಆ ದಾರಿ ಎಲ್ಲರಿಗೂ ಹಕ್ಕಿರುವಂಥದ್ದಲ್ಲ. ಅವನ ತಂದೆ ಒಳ್ಳೆಯ ಮನಸ್ಸಿನಿಂದ ಬಿಟ್ಟುಕೊಟ್ಟದ್ದು. ಅದು ಮುಚ್ಚಿಹೋದರೆ ಬಸ್ಸಿಳಿದವರು ಮೂರು ಮೈಲಿ ಡಾಂಬರು ರಸ್ತೆ ಸುತ್ತಬೇಕು. ಅಷ್ಟು ಸುತ್ತಿ ಯಾರು ಬಂದಾರು? ಮನೆ ಮಾರಿ ಪಟ್ಟಣದಲ್ಲಿರುವ ತಂಗಿಯ ಆಶ್ರಯಕ್ಕೆ ಹೋಗಬೇಕಾದೀತೆಂಬ ಅಂಜಿಕೆ ಮೇವಿಸಳಿಗೆ ಎಂದಿನಿಂದಲೂ ಇತ್ತು.

ಜೂನ್ ತಿಂಗಳ ಒಂದು ಬಿಸಿಲಿನ ಬೆಳಿಗ್ಗೆ ಆಂಬ್ರೋಸ್ ಅವಳ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಆ ವಾರದ ಅತಿಥಿ ಪೆಟಿಫರ್, ಯಾವುದೋ ಊರಿನ ಗ್ರಂಥಪಾಲಕ, ಮೇಜಿನ ಬಳಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

"ಹಳ್ಳದ ಗೇಟು ಯಾರೋ ಮುಚ್ಚಿದಾರೆ, ಮೇವಿಸ್. ನಿನ್ನೆ ಸಂಜೆಯಿಂದ ನಲವತ್ತು ಕುರಿ, ಮರಿ ಕಟ್ಕೊಂಡು, ನೀರಿಲ್ದೆ ಬಾಯಿ ಬಿಡ್ತಾ ನಿಂತಿದ್ವು."

"ಯಾವ್ದಾದ್ರೂ ಸತ್ತೋಯ್ತಾ?"

"ಇಲ್ಲ. ನಾನು ಇನ್ನೊಂದು ಗಳಿಗೆ ತಡ ಮಾಡಿದ್ರೆ ಸಾಯ್ತಿದ್ವು. ಸಾಕಪ್ಪ ಸಾಕು. ಇವತ್ತಿಂದ ಈ ದಾರಿ ಬಂದ್." ಅವನ ಕಣ್ಣು ಪೆಟಿಫರನ ಮೇಲೆಯೇ ಇತ್ತು.

"ನಿನ್ನೆ ಸಂಜೆ ನಾನು ನಾಲ್ಕು ಗಂಟೆಗೆ ಬಂದಾಗ ಗೇಟು ತೆರೆದಿತ್ತು, ಹಾಗೇ ಬಿಟ್ಟು ಬಂದೆ," ಎಂದ ಪೆಟಿಫರ್. "ಇವರು ಮೂರು ಸಲ ಹೇಳಿದ್ರು."

"ಪೇಟೆಯಿಂದ ಬಂದೋರೆಲ್ಲ ಹೀಗೇ ಹೇಳೋದು, ಸ್ವಾಮಿ."

ಮೇವಿಸಳ ಕೈಯ ಬಾಣಲೆ ಅಲ್ಲೇ ನಿಂತಿತು. ನಿನ್ನೆ ಆರು ಗಂಟೆಗೆ ಚರ್ಚಿನ ಹೂಗಳನ್ನು ಜೋಡಿಸಿ ಅದೇ ದಾರಿಯಲ್ಲಿ ಬಂದಿದ್ದಳು. ಚಿಲಕ ಕಟಕ್ಕೆಂದು ಕೂತ ಸದ್ದು ಈಗ ನೆನಪಾಯಿತು. ಸುಮ್ಮನಿದ್ದರೆ ದೋಷ ಪೆಟಿಫರನ ಮೇಲೆ ಉಳಿಯುತ್ತದೆ. ಹೇಳಿದರೆ ಆಂಬ್ರೋಸನ ಸಿಟ್ಟು ಇಮ್ಮಡಿಯಾಗಬಹುದು. ಆದರೂ ಬಾಣಲೆಯನ್ನು ಕೆಳಗಿಟ್ಟಳು.

"ಆಂಬ್ರೋಸ್, ಮುಚ್ಚಿದ್ದು ನಾನು."

"ನೀನಾ? ಇಷ್ಟು ವರ್ಷ ಎಲ್ಲರ ಕಿವಿ ಕೊರೆದವಳು ನೀನಾ?"

"ಚಿಕ್ಕಂದಿನಲ್ಲಿ ಅಪ್ಪ ಮುಚ್ಚು ಮುಚ್ಚು ಅಂತ ಬೈದು ಬೈದು ಕೈಗೆ ಹತ್ತಿಬಿಟ್ಟಿದೆ ಕಣೋ. ತಲೆಯೆಲ್ಲ ಚರ್ಚಿನ ಹೂವಿನ ಯೋಚನೇಲಿತ್ತು, ಕೈ ತನ್ನ ಪಾಡಿಗೆ ಮುಚ್ಚಿಬಿಡ್ತು."

ಆಂಬ್ರೋಸ್ ಕುರ್ಚಿ ಎಳೆದು ಕೂತ. ಅವನ ಭುಜ ಮೆಲ್ಲಗೆ ಕುಲುಕತೊಡಗಿತು, ನಗುತ್ತಿದ್ದ.

"ನನ್ನ ಹೆಂಡ್ತಿ ಕಿವಿಗೆ ಬಿದ್ರೆ ಸಂಜೆಯೊಳಗೆ ಕಣಿವೆಗೆಲ್ಲ ಸುದ್ದಿ."

"ಸುದ್ದಿ ಆಗ್ಲಿ ಬಿಡು. ದಾರಿ ಮಾತ್ರ ಮುಚ್ಚಬೇಡ."

"ಗುರುತು ಪರಿಚಯ ಇಲ್ದೋರಿಗಾದ್ರೆ ಮುಚ್ಚಬಹುದಿತ್ತು. ನಿಂಗೆ ಹೆಂಗೆ ಮುಚ್ಲಿ? ಗೋಡೆ ಹತ್ತಿ ಬಂದು ಕಾಲು ಮುರ್ಕೊಳ್ತೀಯ." ಪೆಟಿಫರನ ಕಡೆ ತಿರುಗಿ, "ತಪ್ಪು ತಿಳ್ಕೊಂಡೆ, ಸ್ವಾಮಿ. ಮನಸ್ಸಿಗೆ ಹಚ್ಕೋಬೇಡಿ," ಎಂದ.

ಮೂವರೂ ಹಳ್ಳದವರೆಗೆ ನಡೆದರು. ಕುರಿಗಳು ಮೊಣಕಾಲಷ್ಟು ನೀರಿನಲ್ಲಿ ನಿಂತು ಕುಡಿಯುತ್ತಿದ್ದವು. ಆಂಬ್ರೋಸ್ ಜೇಬಿನಿಂದ ಹುಲ್ಲಿನ ಹೊರೆ ಕಟ್ಟುವ ದಾರ ತೆಗೆದು ಗೇಟನ್ನು ತೆರೆದ ಸ್ಥಿತಿಯಲ್ಲೇ ಕಂಬಕ್ಕೆ ಬಿಗಿದು ಎರಡು ಗಂಟು ಹಾಕಿದ.

"ಈಗ ನಿನ್ನ ಕೈ ಏನ್ ಮಾಡುತ್ತೋ ನೋಡೋಣ."

ಮೇವಿಸ್ ಗಂಟನ್ನೊಮ್ಮೆ ಎಳೆದು ನೋಡಿದಳು. ತಗ್ಗಿನ ಕಲ್ಲುಗೋಡೆಯ ಮೇಲೆ ಕೂತು, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು.

"ನಾನು ಇದೇ ದಾರೀಲಿ ಗುಡ್ಡಕ್ಕೆ ಹೋಗಬಹುದಾ?" ಎಂದು ಪೆಟಿಫರ್ ಅಳುಕುತ್ತ ಕೇಳಿದ.

"ಧಾರಾಳವಾಗಿ ಹೋಗಿ," ಎಂದಳು ಮೇವಿಸ್. "ಐದಕ್ಕೆ ಚಹಾ ಇಟ್ಟಿರ್ತೀನಿ."