ಕಮ್ಮಿ ಮಾತಾಡು ಎಂದವನು ನಾನೇ

ನನ್ನ ಅಕ್ಕನ ಮಾತು ನಿಲ್ಲಿಸಿದವನು ನಾನು. ಕಾಯಿಲೆ ಆಮೇಲೆ ಬಂತು—ಅಲ್ಲ, ಆಗಲೇ ಬಂದಿತ್ತು. ಅದನ್ನು ಅಕ್ಕ ನನಗೊಬ್ಬನಿಗೇ ಹೇಳಿದ್ದಳು. ನಾನು ಯಾರಿಗೂ ಹೇಳಲಿಲ್ಲ.

ಹೊನ್ನಾಳಿಯ ನಮ್ಮ ಗಿರಿಜಕ್ಕ ಎಂದರೆ ಮಾತು. ಬಸ್ಸಿನಲ್ಲಿ ಪಕ್ಕ ಕೂತವರ ಮನೆಕಥೆಯೆಲ್ಲ ನ್ಯಾಮತಿ ಬರುವಷ್ಟರಲ್ಲಿ ಅವಳಿಗೆ ಗೊತ್ತಾಗಿರುತ್ತಿತ್ತು. ಬಳಗದಲ್ಲಿ ಮುನಿಸಿಕೊಂಡವರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಿದ್ದವಳೂ ಅವಳೇ. ನಾನು ಅವಳ ತಮ್ಮ. ಅಣಕಿಸಿ ನಗಿಸುವವನೆಂದು ಹೆಸರಾದವನು.

ಜಗಳೂರಿನಲ್ಲಿ ನಮ್ಮ ತಂಗಿಯ ಮೊಮ್ಮಗನ ನಾಮಕರಣ. ಎಲ್ಲರೂ ಸೇರಿದ್ದಾಗ ಅಕ್ಕ ಕೈಯಾಡಿಸುತ್ತಾ, “ಅದನ್ನ ತರ್ರೇ... ಅದೇ, ತೂಗೋದು...” ಎಂದಳು. ತೊಟ್ಟಿಲು ಎಂಬ ಪದ ಬಾಯಿಗೆ ಬರಲೇ ಇಲ್ಲ. ಕೆಲವು ತಿಂಗಳಿಂದ ಹೀಗಾಗುತ್ತಿದ್ದುದನ್ನು ನಾನು ಗಮನಿಸಿದ್ದೆ. ಸುಮ್ಮನಿರಬಹುದಿತ್ತು—ಎದ್ದು ನಿಂತು ಅವಳಂತೆಯೇ ಕೈಯಾಡಿಸಿದೆ.

“ನಮ್ಮಕ್ಕಗೆ ಪೊರಕೆ ಅಂದ್ರೆ ಗುಡಿಸೋದು, ಕತ್ತರಿ ಅಂದ್ರೆ ಕತ್ತರಿಸೋದು, ಯಜಮಾನ್ರು ಅಂದ್ರೆ ಗೊರಕೆ ಹೊಡಿಯೋದು!”

ಮನೆ ತುಂಬ ನಗು. ಅಕ್ಕನೂ ನಕ್ಕಳು.

ಊಟವಾದ ಮೇಲೆ ನನ್ನನ್ನು ಹಿತ್ತಲಿಗೆ ಕರೆದಳು.

“ಬಸು, ನಗಬ್ಯಾಡ ಕಣೋ. ವಸ್ತು ಕಣ್ಮುಂದೇ ಐತೆ, ಅದರ ಹೆಸರು ಬಾಯಿಗೆ ಬರಲ್ಲ. ಏನೋ ಆಗ್ತೈತೆ ನನಗೆ. ದಾವಣಗೆರೆ ಡಾಕ್ಟರಿಗೆ ತೋರಿಸಾಕೆ ಹೋಗಾನೇನೋ? ರೇಖಾಗೆ ಹೇಳಬ್ಯಾಡ, ಹೆದರ್ತಾಳೆ.”

ರೇಖಾ ಅವಳ ಮಗಳು, ಜೊತೆಯಲ್ಲೇ ಇರುವವಳು.

“ವಯಸ್ಸಾದೋರಿಗೆಲ್ಲ ಹಿಂಗೇ ಅಕ್ಕಾ,” ಎಂದೆ. “ಕಮ್ಮಿ ಮಾತಾಡು, ಸರಿ ಹೋಗ್ತೈತೆ.”

ಅಕ್ಕ ನನ್ನ ಮಾತು ಕೇಳಿದಳು. ಕಡಿಮೆ ಮಾತಾಡಿದಳು. ಆಮೇಲೆ ಇನ್ನೂ ಕಡಿಮೆ. ಫೋನು ಮಾಡಿದರೆ ಬರೀ “ಹ್ಞೂಂ”. ಗಿರಿಜಕ್ಕ ಈಗ ಮಾಗಿದ್ದಾಳೆ ಎಂದರು ಬಳಗದವರು. ನಾನೂ ತಲೆಯಾಡಿಸಿದೆ—ಗೊತ್ತಿದ್ದೂ.

ಕೆಲವು ವರ್ಷಗಳಾದ ಮೇಲೆ ಒಂದು ದಿನ ಮನೆಯ ದಾರಿ ತಿಳಿಯದೆ ಬಸ್ ಸ್ಟ್ಯಾಂಡಿನಲ್ಲಿ ಅಳುತ್ತಾ ನಿಂತಿದ್ದಳು. ಆಗ ರೇಖಾ ಮತ್ತು ನಾನು ಅವಳನ್ನು ದಾವಣಗೆರೆಗೆ ಕರೆದೊಯ್ದೆವು. ಮರೆವಿನ ಕಾಯಿಲೆ ಎಂದರು ಡಾಕ್ಟರು. ಕೆಲವರಲ್ಲಿ ಮೊದಲು ತಪ್ಪುವುದು ಮಾತೇ ಅಂತೆ. ಪದಕ್ಕಾಗಿ ತಡಕಾಡುತ್ತಿದ್ದರೇ ಎಂದು ಕೇಳಿದರು.

“ಇಲ್ಲ ಸಾರ್,” ಎಂದಳು ರೇಖಾ. “ಮಾತು ಕಮ್ಮಿ ಮಾಡಿದ್ರು, ಅಷ್ಟೇ.”

ನಾನು ಗೋಡೆ ನೋಡುತ್ತಾ ಕೂತಿದ್ದೆ. ಮೊದಲೇ ತೋರಿಸಿದ್ದರೂ ಪೂರ್ತಿ ವಾಸಿಯಾಗುತ್ತಿರಲಿಲ್ಲವಂತೆ. ಆದರೆ ಮುಂದೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ತನಗೇನು ಬೇಕು—ಅದನ್ನು ಅಕ್ಕ ತಾನೇ ಹೇಳಬಹುದಾದ ಕಾಲವೊಂದಿತ್ತಂತೆ.

“ಒಂದೇ ಮನೇಲಿದ್ದೂ ನನಗೆ ಗೊತ್ತಾಗ್ಲಿಲ್ಲ ಮಾಮಾ,” ಎಂದು ರೇಖಾ ದಾರಿಯುದ್ದಕ್ಕೂ ಅತ್ತಳು. ಆಗಲಾದರೂ ನಾನು... ಅವಳ ಬೆನ್ನು ಸವರುತ್ತಾ ಬಂದೆ. ಸಮಾಧಾನ ಹೇಳುತ್ತಾ ಬಂದೆ!

ಕಳೆದ ವಾರ ಹೊನ್ನಾಳಿಗೆ ಹೋಗಿ ಎಲ್ಲ ಹೇಳಿದೆ. ರೇಖಾ ಅಕ್ಕನ ತಲೆ ಬಾಚುತ್ತಿದ್ದಳು. ಹಿತ್ತಲಿನಲ್ಲಿ ಅಕ್ಕ ಬೇಡಿಕೊಂಡದ್ದು, ನಾನು ಕೊಟ್ಟ ಉತ್ತರ—ಒಂದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ. ಅವಳ ಕೈ ನಿಂತಿತು.

“ನನಗೂ ಹೇಳದ್ದನ್ನ ಅವ್ವ ನಿಮಗೆ ಹೇಳಿದ್ಲಾ ಮಾಮಾ?”

ಅಷ್ಟೇ ಕೇಳಿದಳು.

ಹೌದು ಎಂದೆ. ಕ್ಷಮಿಸು ಎನ್ನಲು ಬಾಯಿ ತೆರೆದೆ—ಇಬ್ಬರಲ್ಲಿ ಯಾರ ಕಡೆ ತಿರುಗಿ ಹೇಳಬೇಕೋ ತಿಳಿಯಲಿಲ್ಲ.