ಎರಡು ಬಟ್ಟಲು ಚಕ್ಕಾ

ಶ್ರೀಖಂಡಕ್ಕೆಂದು ಮೊಸರು ಕಟ್ಟಿದರೆ ಮನೆಯವರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಎದೆ ಡವಡವ ಎನ್ನುತ್ತದೆ. ಹಬ್ಬದ ದಿನ ಇದನ್ನು ಯಾರಿಗೆ ಹೇಳುವುದು? ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಗಂಡನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾದ ವರ್ಷವೇ ಅವರಿಗೆ ವಿಷಮಶೀತ ಜ್ವರ ಬಂತು. ಜ್ವರ ಬಿಟ್ಟರೂ ಊಟ ಸೇರಲಿಲ್ಲ. ಅಂಗಿ ತೊಡಿಸಿದರೆ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ಡಾಕ್ಟರು, "ಪ್ರೋಟೀನ್ ಕೊಡ್ರಿ" ಎಂದರು.

ಧಾರವಾಡದಿಂದ ಓಡಿಬಂದಿದ್ದ ಅತ್ತೆ, "ಅದು ಯಾವ ಅಂಗಡ್ಯಾಗ ಸಿಗತೈತ್ರಿ?" ಎಂದು ಕೇಳಿದರು.

"ಮೊಸರು ಅರಿವ್ಯಾಗ ಕಟ್ಟಿ ನೀರು ಬಸ್ದು ತಗೀರಿ. ಉಳಿಯೋ ಗಟ್ಟಿ ಐತೆಲ್ಲ, ಅದರಾಗ ಐತಿ."

"ಚಕ್ಕಾ ಅನ್ರಿ ಮತ್ತ!" ಅತ್ತೆಯ ಮುಖ ಅರಳಿತು.

ಅಲ್ಲಿಂದಲೇ ತಕರಾರು ಶುರು. ಹಳಿಯಾಳದ ಕಡೆಯ ಗೌಳಿ ಹೆಂಗಸು ತರುವ ಎಮ್ಮೆ ಮೊಸರೇ ಆಗಬೇಕೆಂದು ಅತ್ತೆಯ ಹಟ. ಅದರ ಚಕ್ಕಾ ಬೆಣ್ಣೆಯಂತೆ ನುಣುಪು. ಸೊರಗಿದ ಹೊಟ್ಟೆಗೆ ಅಷ್ಟು ಜಿಡ್ಡು ಭಾರವೆಂದು ಹೆದರಿ ನಾನು ಆಕಳ ಮೊಸರು ಕಟ್ಟಿದೆ. ಅದು ಹಗುರ, ನಿಜ. ಆದರೆ ತರಿತರಿ, ಹುಳಿ, ಅಷ್ಟೊಂದು ಮೊಸರಿಗೆ ಇಷ್ಟೇ ಇಷ್ಟು. ಮುಂಡಗೋಡದಲ್ಲಿ ಬಂದು ನೆಲೆಸಿದ ಟಿಬೆಟನ್ನರು ಇನ್ನೂ ಮುಂದೆ ಹೋಗಿ, ಮಜ್ಜಿಗೆ ಕಾಯಿಸಿ, ಬಸಿದು, ಕಲ್ಲಿನಂತೆ ಒಣಗಿಸುತ್ತಾರೆ. ಪಕ್ಕದ ಮನೆಯವರು ಅದರದೂ ಒಂದು ತುಂಡು ತಂದುಕೊಟ್ಟರು. ಅತ್ತೆ ಕಚ್ಚಿ ನೋಡಿ, ಹಲ್ಲು ತಡವಿಕೊಂಡು, ಕಿಟಕಿಯಲ್ಲಿಟ್ಟರು.

ಅಡುಗೆಮನೆಯಲ್ಲಿ ಎರಡು ಗಂಟು ತೂಗುತ್ತಿದ್ದವು. ನೀರು ತೊಟ್ಟಿಕ್ಕುವ ಸದ್ದು ಕೇಳುತ್ತ, ನಮ್ಮವರು ಇವತ್ತೂ ಬಟ್ಟಲು ಸರಿಸಿದರೆ ಏನು ಗತಿ ಎಂದು ಹೆದರುತ್ತಿದ್ದೆ. ಅವರು ಸರಿಸಿದರು. ಎರಡನ್ನೂ.

ಅತ್ತೆ ಮಂಚದ ಬಳಿಯೇ ನನ್ನ ಮೇಲೆ ಹರಿಹಾಯ್ದರು. "ನಿನ್ನ ಹುಳಿ ಚಕ್ಕಾ ನೋಡಿನ ಅವಂಗ ಬಾಯಿ ಕೆಟ್ಟೈತಿ!"

ನನಗೂ ತಡೆಯಲಾಗಲಿಲ್ಲ. "ನಿಮ್ಮ ಜಿಡ್ಡಿಗೆ ವಾಕರಿಕಿ ಬರತೈತ್ರಿ ಅತ್ತಿ!"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಮ್ಮವರು ಸಣ್ಣ ದನಿಯಲ್ಲಿ, "ತರ್ರಿ ಇಲ್ಲೆ. ಯಾವ್ದು ಚೊಲೊ ಐತಿ, ನಾ ಹೇಳ್ತೇನಿ" ಎಂದರು.

ಇದರದೊಂದು ಚಮಚ, ಅದರದೊಂದು ಚಮಚ. "ತಿಳೀವಲ್ದು" ಎಂದರು. ಮತ್ತೊಂದು ಚಮಚ. ನಾವಿಬ್ಬರೂ ಚಮಚವನ್ನೇ ನೋಡುತ್ತ ನಿಂತೆವು. ತೀರ್ಪು ಬರಲಿಲ್ಲ, ಬಟ್ಟಲುಗಳ ತಳ ಕಂಡಿತು.

ಖಾಲಿ ಬಟ್ಟಲು ಹಿಡಿದು ಒಳಗೆ ಹೋದರೆ, ಅತ್ತೆ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ತಿಂದ ನೋಡವಾ, ತಿಂದ!" ಎಂದು ನನ್ನ ಭುಜ ಹಿಡಿದುಕೊಂಡರು. ಬೇಕೆಂದೇ ಜಗಳ ತೆಗೆದಿದ್ದರೋ ಏನೋ, ನಾನು ಕೇಳಲಿಲ್ಲ. ಯಾವ ಚಕ್ಕಾ ಗೆದ್ದಿತೆಂದು ಅವರೂ ಕೇಳಲಿಲ್ಲ. ಸಂಜೆಗೂ ಅವರ ಮಗ ತಿನ್ನಬೇಕಿತ್ತಲ್ಲ. ಇಬ್ಬರೂ ಕಣ್ಣೊರೆಸಿಕೊಂಡು, ಮುಖ ಗಂಟಿಕ್ಕಿಕೊಂಡು, ಜಗಳವಾಡಲು ಹೊರಗೆ ಹೋದೆವು.