ಎಡಕ್ಕೆ ಎಳೆಯುವ ವ್ಯಾನು

ಭಾವನ ಹಳೆಯ ವ್ಯಾನು ಎಡಕ್ಕೆ ಎಳೆಯುತ್ತಿತ್ತು. ಮೆಕ್ಯಾನಿಕ್ ಅಣ್ಣ ಬುಷ್ ಹಾಕಿದ, ಬಾಲ್ ಜಾಯಿಂಟ್ ಬದಲಿಸಿದ, ಅಲೈನ್‌ಮೆಂಟೂ ಮಾಡಿಸಿದ. ಜಪ್ಪಯ್ಯ ಎಂದರೂ ಅದು ಹಠ ಬಿಡಲಿಲ್ಲ. ಅವನ ಗ್ಯಾರೇಜಿನ ಎದುರಿಗೇ ತನ್ನದೊಂದು ಗ್ಯಾರೇಜು ತೆರೆದಿದ್ದ ತಮ್ಮ ಮುಂದಿನ ಟೈರುಗಳನ್ನು ಅದಲುಬದಲು ಮಾಡಿದ. ಎಳೆತ ಬಲಕ್ಕೆ ತಿರುಗಿತು. ದೋಷ ಟೈರಿನದೇ ಎಂದು ಗೊತ್ತಾಗಿ ಹೊಸದು ಹಾಕಿದ, ಮುಗಿಯಿತು.

ಭಾವ ಅವನನ್ನು ಹಾಡಿ ಹೊಗಳಿದ. ತಮ್ಮನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನೇ ಅಣ್ಣ! ಅಣ್ಣನ ಹೊಟ್ಟೆ ಧಗಧಗ ಉರಿಯಿತು. ಪರೀಕ್ಷೆಗೆಂದು ಇಬ್ಬರನ್ನೂ ಕೂರಿಸಿಕೊಂಡು ತಾನೇ ವ್ಯಾನು ಓಡಿಸಿದ. ನೇರ ರಸ್ತೆಯಲ್ಲಿ ಅದು ಮೆಲ್ಲಗೆ ಎಡಕ್ಕೆ ಸರಿಯಿತು.

"ನೋಡಿ ಭಾವ, ಇನ್ನೂ ಎಳೀತಾನೇ ಇದೆ!"

ತಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: "ಅಣ್ಣಾ, ಸ್ಟೀರಿಂಗ್‌ನಿಂದ ಒಂದ್ಸಲ ಕೈ ತೆಗಿ."

ಅಣ್ಣ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.